ಆಟವೇ ಮಗುವಿನ ಮೊದಲ ಪಾಠ

“ಅಂಗನವಾಡೀಲಿ ಬರಿ ಆಟ ಬುದ್ಧೀ, ಅಕ್ಷರ ಒಂದೂ ಇಲ್ಲ” ಎಂಬ ತಾಯಂದಿರ ದೂರು ಚಾಮರಾಜನಗರ, ಗುಂಡ್ಲುಪೇಟೆಯ ಹಳ್ಳಿಗಳಲ್ಲಿ ಕೇಳಿಬರುತ್ತದೆ. ಮೂರು ವರ್ಷದ ಕೂಸಿನ ಕೈಗೆ ಪೆನ್ಸಿಲು ಕೊಟ್ಟು, ವ್ಯಾನು ಹತ್ತಿಸಿ ದೂರದ ಶಾಲೆಗೆ ಕಳುಹಿಸುವವರೂ ಉಂಟು. ಅವರ ಕಳಕಳಿ ಸಾಧುವಾದುದೇ. ಆದರೆ ‘ಬರಿ ಆಟ’ ಎಂಬ ಮಾತು ವಿಚಾರಾರ್ಹವಾದುದು.

ನಮ್ಮ ಅಜ್ಜಿಯಂದಿರ ಅಳಗುಳಿಮಣೆಯನ್ನೇ ನೋಡಿರಿ. 14 ಗುಳಿಗಳು, ಗುಳಿಗೆ 4ರಂತೆ 56 ಹುಣಸೆಬೀಜಗಳು. ಐವತ್ತಾರು ಎಂದರೇನೆಂದು ನಾಲ್ಕು ವರ್ಷದ ಮಗು ಅರಿಯದು. ಆದರೆ ಗುಳಿಗೊಂದರಂತೆ ಬೀಜ ಹಾಕುತ್ತ ಹೋದಂತೆ ಎಣಿಕೆಯ ಮೂಲತತ್ತ್ವ ಅದರ ಕೈಗೆ ಹತ್ತುತ್ತದೆ. ಬೀಜ ಹೆಕ್ಕುವ ಹೆಬ್ಬೆರಳು, ತೋರುಬೆರಳುಗಳೇ ನಾಳೆ ಲೇಖನಿ ಹಿಡಿಯುವವು. ಸರದಿಗೆ ಕಾಯುವ ತಾಳ್ಮೆ, ಸೋಲನ್ನು ಸಹಿಸುವ ಮನಸ್ಸು ಯಾವ ಕಾಪಿಪುಸ್ತಕದಿಂದಲೂ ಬಾರವು.

ಇದನ್ನರಿತೇ ಜರ್ಮನಿಯ ಫ್ರೋಬೆಲ್ 1837ರಲ್ಲಿ ಆಟವನ್ನೇ ಬೋಧನೆಯಾಗಿಸಿದ ಶಿಶುಶಾಲೆಯನ್ನು ತೆರೆದನು. ನಮ್ಮಲ್ಲಿ 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು ನೆರೆಯ ತಿ. ನರಸೀಪುರಕ್ಕೂ ಬಂದಿತು, ಅಂಗನವಾಡಿ ಅದರ ಫಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ 3ರಿಂದ 8 ವರ್ಷದ ಮಕ್ಕಳಿಗೆ ಆಟದ ಮೂಲಕವೇ ಕಲಿಕೆ ಎಂದಿದೆ.

ಆದುದರಿಂದ ತಾಯಿತಂದೆಯರೇ, ಬರೆಸುವ ಅವಸರ ಬೇಡ. ಸಂಜೆ ಮೊಬೈಲನ್ನು ಬದಿಗಿಟ್ಟು, ಅರ್ಧ ಗಂಟೆ ಜಗಲಿಯಲ್ಲಿ ಮಗುವಿನೊಡನೆ ಕುಳಿತು ಆಡಿರಿ. ಬೀಜವನ್ನು ಬಾಯಿಗೋ ಮೂಗಿಗೋ ತುರುಕಿಕೊಳ್ಳುವ ಎಳೆಯ ಕೂಸಿಗೆ ಮರದ ಸೌಟು, ತಟ್ಟೆಗಳೇ ಸಾಕು. ಚೆನ್ನಾಗಿ ಆಡಿದ ಕೈ ಅಕ್ಷರಕ್ಕೆ ತಾನಾಗಿಯೇ ಹದಗೊಳ್ಳುತ್ತದೆ.