ಕರುಳಿನ ಹುಣ್ಣಿಗೆ ಯಾವ ಬ್ಯಾಕ್ಟೀರಿಯಾ ಹೊಣೆ? ಈ ಪ್ರಶ್ನೆ ನಮ್ಮ ಊರಿಗೆ ಯಾಕೆ ಮುಖ್ಯ?

ಹೊಟ್ಟೆಯಲ್ಲಿ ಹುಣ್ಣಾಗೋಕೆ ಖಾರ, ಟೆನ್ಷನ್ ಕಾರಣ ಅಂತ ಡಾಕ್ಟರುಗಳೂ ದಶಕಗಟ್ಟಲೆ ನಂಬಿದ್ದರು. 1980ರ ದಶಕದಲ್ಲಿ ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರನ್, ಬಹುಪಾಲು ಹುಣ್ಣುಗಳ ಹಿಂದೆ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ ಇದೆ ಎಂದು ತೋರಿಸಿದರು. 2005ರಲ್ಲಿ ಅವರಿಗೆ ನೊಬೆಲ್ ಬಂತು. ವರ್ಷಗಟ್ಟಲೆ ಮಾತ್ರೆ ನುಂಗುತ್ತಿದ್ದವರು ಎರಡು ವಾರದ ಆಂಟಿಬಯಾಟಿಕ್‌ನಲ್ಲಿ ಗುಣವಾಗತೊಡಗಿದರು.

ಅದಕ್ಕಿಂತ ಕೆಳಗೆ, ಕರುಳಿನಲ್ಲಿ ಬರುವ ಐಬಿಡಿ ಕಾಯಿಲೆಗೂ ಹೀಗೇ ಒಂದು ಬ್ಯಾಕ್ಟೀರಿಯಾ ಸಿಗಬಹುದಾ? ಐಬಿಡಿ ಅಂದರೆ ಗ್ಯಾಸ್ಟ್ರಿಕ್ ಅಲ್ಲ, ಐಬಿಎಸ್ಸೂ ಅಲ್ಲ. ಕರುಳಿನ ಗೋಡೆ ಉರಿಯೂತದಿಂದ ಹುಣ್ಣಾಗಿ, ಮಲದಲ್ಲಿ ರಕ್ತ, ಭೇದಿ, ನೋವು, ತೂಕ ಇಳಿಯುವುದು, ಹೀಗೆ ವರ್ಷಗಟ್ಟಲೆ ಕಾಡುವ ಕಾಯಿಲೆ. ಅಲ್ಸರೇಟಿವ್ ಕೊಲೈಟಿಸ್ ಮತ್ತು ಕ್ರೋನ್ಸ್ ಇದರ ಎರಡು ಮುಖ್ಯ ರೂಪಗಳು. ಹೆಚ್ಚಾಗಿ ಹಿಡಿಯುವುದು ಯುವಜನರನ್ನೇ.

ದಾವಣಗೆರೆಯ ನಿಟ್ಟುವಳ್ಳಿಯಲ್ಲಿ ನನಗೆ ಪರಿಚಯದ ಒಬ್ಬ ಹುಡುಗನಿದ್ದಾನೆ. ಮೊದಲು ಗ್ಯಾಸ್ಟ್ರಿಕ್ ಮಾತ್ರೆ, ಆಮೇಲೆ ಆರು ತಿಂಗಳು ಟಿಬಿ ಮಾತ್ರೆ, ಕೊನೆಗೆ ಬೆಂಗಳೂರಿನಲ್ಲಿ 'ಕ್ರೋನ್ಸ್' ಎಂಬ ಹೆಸರು. "ಅಣ್ಣಾ, ಇದೂ ಬ್ಯಾಕ್ಟೀರಿಯಾನೇ ಆಗಿದ್ರೆ ಕೋರ್ಸ್ ಮುಗಿಸಿದ್ಮೇಲೆ ಹೋಗ್ಬೇಕಿತ್ತಲ್ವಾ?" ಅಂತ ಕೇಳಿದ. ವಿಜ್ಞಾನಿಗಳೂ ನೂರು ವರ್ಷದಿಂದ ಹೆಚ್ಚುಕಡಿಮೆ ಇದನ್ನೇ ಕೇಳುತ್ತಿದ್ದಾರೆ.

ಮುಖ್ಯ ಆರೋಪಿಯ ಹೆಸರು ಮ್ಯಾಪ್. ಪೂರ್ತಿ ಹೆಸರು ಮೈಕೋಬ್ಯಾಕ್ಟೀರಿಯಂ ಏವಿಯಂ ಪ್ಯಾರಾಟ್ಯುಬರ್ಕ್ಯುಲೋಸಿಸ್; ಟಿಬಿ ಬ್ಯಾಕ್ಟೀರಿಯಾದ ದೂರದ ನೆಂಟ. ದನ, ಕುರಿ, ಮೇಕೆಗಳಿಗೆ ಜೋನ್ಸ್ ಕಾಯಿಲೆ ತರುವುದು ಇದೇ. ದನ ಮೇವು ತಿನ್ನುತ್ತಲೇ ಇರುತ್ತದೆ, ಆದರೆ ಭೇದಿ ನಿಲ್ಲದೆ ಸೊರಗುತ್ತಾ ಹೋಗುತ್ತದೆ. 1913ರಲ್ಲೇ ಸ್ಕಾಟ್ಲೆಂಡಿನ ಸರ್ಜನ್ ಡಾಲ್ಜಿಯಲ್, ತನ್ನ ರೋಗಿಗಳ ಕರುಳು ಈ ದನಗಳ ಕರುಳಿನ ಹಾಗೇ ಕಾಣುತ್ತದೆ ಎಂದು ಬರೆದಿದ್ದ. 1984ರಲ್ಲಿ ಅಮೆರಿಕದ ಚಿಯೋಡಿನಿ ತಂಡ ಕ್ರೋನ್ಸ್ ರೋಗಿಗಳ ಕರುಳಿನಿಂದ ಮ್ಯಾಪ್ ಬೆಳೆಸಿ ತೋರಿಸಿತು.

ಕೇಸು ಕ್ಲೋಸ್ ಆಯ್ತಾ? ಇಲ್ಲ. 2009ರಲ್ಲಿ ಹೈದರಾಬಾದಿನ ತಂಡವೊಂದು ಭಾರತೀಯ ಕ್ರೋನ್ಸ್ ರೋಗಿಗಳ ಬಯಾಪ್ಸಿಯಲ್ಲಿ ಮ್ಯಾಪ್‌ನ ಡಿಎನ್‌ಎ ಗುರುತು ಹುಡುಕಿತು, ಸಿಗಲಿಲ್ಲ. ಆಸ್ಟ್ರೇಲಿಯಾದಲ್ಲಿ 213 ರೋಗಿಗಳ ಮೇಲೆ ಮೂರು ಆಂಟಿಬಯಾಟಿಕ್‌ಗಳ ಎರಡು ವರ್ಷದ ಪ್ರಯೋಗ ನಡೆಯಿತು. 2007ರಲ್ಲಿ ಬಂದ ಫಲಿತಾಂಶದ ಪ್ರಕಾರ ಮೊದಲ ತಿಂಗಳುಗಳಲ್ಲಿ ಸ್ವಲ್ಪ ಲಾಭ ಕಂಡರೂ ಅದು ಉಳಿಯಲಿಲ್ಲ. ಅದೇ ಮೂರು ಔಷಧಗಳನ್ನು ಸೇರಿಸಿದ ಮಾತ್ರೆಯ ಇನ್ನೊಂದು ಪ್ರಯೋಗದಲ್ಲಿ, 26ನೇ ವಾರಕ್ಕೆ 37% ರೋಗಿಗಳಲ್ಲಿ ಕಾಯಿಲೆ ಹತೋಟಿಗೆ ಬಂತು. ಬರೀ ಡಮ್ಮಿ ಮಾತ್ರೆ ತಿಂದವರಲ್ಲಿ 23%. ವ್ಯತ್ಯಾಸ ಇದೆ. ಆದರೆ ಆಂಟಿಬಯಾಟಿಕ್ ಬೇರೆ ಬ್ಯಾಕ್ಟೀರಿಯಾಗಳನ್ನೂ ಕೊಲ್ಲುತ್ತದೆ, ಹಾಗಾಗಿ ಇದು ಮ್ಯಾಪ್ ವಿರುದ್ಧದ ಸಾಕ್ಷಿ ಆಗಲ್ಲ.

ಆರೋಪಿಗಳು ಇನ್ನೂ ಇದ್ದಾರೆ. ಕರುಳಿನ ಗೋಡೆಗೆ ಅಂಟಿ ಒಳನುಗ್ಗುವ ಒಂದು ಬಗೆಯ ಇ. ಕೋಲೈ ಕೆಲವು ಕ್ರೋನ್ಸ್ ರೋಗಿಗಳಲ್ಲಿ ಸಿಕ್ಕಿದೆ. ಉರಿಯೂತ ತಗ್ಗಿಸುವ ಫೀಕಾಲಿಬ್ಯಾಕ್ಟೀರಿಯಂ ಎಂಬ 'ಒಳ್ಳೆಯ' ಬ್ಯಾಕ್ಟೀರಿಯಾ ಅನೇಕರಲ್ಲಿ ಕಡಿಮೆಯಾಗಿರುತ್ತದೆ. 2001ರಲ್ಲಿ ಸಿಕ್ಕ ನಾಡ್2 ಎಂಬ ಜೀನ್‌ನ ಕೆಲಸವೇ ಬ್ಯಾಕ್ಟೀರಿಯಾ ಗುರುತಿಸುವುದು. ಅದರಲ್ಲಿ ದೋಷವಿದ್ದರೆ ಕ್ರೋನ್ಸ್ ಅಪಾಯ ಹೆಚ್ಚು.

ಒಂದು ಸಮಸ್ಯೆಗೆ ಒಂದೇ ಕಾರಣ ಹುಡುಕುವುದು ನಮ್ಮಂಥ ಎಂಜಿನಿಯರಿಂಗ್ ಓದಿದವರ ಚಾಳಿ. ಇಲ್ಲಿ ಅದು ನಡೆಯಲ್ಲ. ಸದ್ಯದ ತಿಳಿವಳಿಕೆ ಇಷ್ಟು: ಹುಟ್ಟಿನಿಂದ ಬಂದ ಜೀನ್, ಏರುಪೇರಾದ ಕರುಳಿನ ಬ್ಯಾಕ್ಟೀರಿಯಾ ಲೋಕ, ಹತೋಟಿ ತಪ್ಪಿದ ರೋಗನಿರೋಧಕ ಶಕ್ತಿ, ಮೂರೂ ಸೇರಿ ಕಾಯಿಲೆ. ಅದಕ್ಕೇ ಆ ಹುಡುಗನ 'ಕೋರ್ಸ್' ಸಾಲಲಿಲ್ಲ.

ಆದರೆ ಅವನಿಗೆ ಆರು ತಿಂಗಳು ಹೋಗಿದ್ದು ಈ ವಿಜ್ಞಾನದ ಗೊಂದಲದಿಂದಲ್ಲ. ಕರುಳಿನ ಟಿಬಿ ಮತ್ತು ಕ್ರೋನ್ಸ್ ಎರಡೂ ಸಣ್ಣ ಕರುಳು ದೊಡ್ಡ ಕರುಳು ಸೇರುವ ಜಾಗದಲ್ಲೇ ಹೆಚ್ಚು, ನೋಡೋಕೂ ಒಂದೇ ಥರ. ಕಫದಲ್ಲಿ ಟಿಬಿ ಹಿಡಿಯುವ ಜೀನ್‌ಎಕ್ಸ್‌ಪರ್ಟ್, ಕರುಳಿನ ಬಯಾಪ್ಸಿಯಲ್ಲಿ ಬಹಳಷ್ಟು ಸಲ ಟಿಬಿ ಇದ್ದರೂ ತೋರಿಸಲ್ಲ. ಟಿಬಿ ಇರುವವರಿಗೆ ಕ್ರೋನ್ಸ್ ಅಂತ ಸ್ಟೀರಾಯ್ಡ್ ಕೊಟ್ಟರೆ ಟಿಬಿ ಮೈಯೆಲ್ಲಾ ಹರಡಬಹುದು. ಕ್ರೋನ್ಸ್ ಇರುವವರಿಗೆ ಸುಮ್ಮನೆ ಟಿಬಿ ಔಷಧ ಕೊಡುತ್ತಾ ಹೋದರೆ ಕರುಳು ಕಿರಿದಾಗಿ ಆಪರೇಷನ್ನಿಗೆ ಬರಬಹುದು. ಟಿಬಿ ಇಷ್ಟೊಂದಿರುವ ದೇಶದಲ್ಲಿ ಮೊದಲು ಟಿಬಿ ಔಷಧ ಕೊಟ್ಟು ನೋಡುವುದು ತಪ್ಪಲ್ಲ. ಕೊಟ್ಟು, ನೋಡದೇ ಬಿಡುವುದು ತಪ್ಪು.

ನೋಡುವುದು ಅಂದರೆ ಎರಡು ಮೂರು ತಿಂಗಳಿಗೆ ಮತ್ತೊಮ್ಮೆ ಕೊಲನೋಸ್ಕೋಪಿ. ನೋವು ಕಡಿಮೆ ಆಯ್ತಾ ಅಂತ ಕೇಳಿದರೆ ಸಾಲದು, ಹುಣ್ಣು ಮಾಗಿದೆಯಾ ಅಂತ ನೋಡಬೇಕು. ಮಾಗಿಲ್ಲದಿದ್ದರೆ ಕ್ರೋನ್ಸ್ ಅಥವಾ ಔಷಧಕ್ಕೆ ಬಗ್ಗದ ಟಿಬಿ ಇದೆಯಾ ಎಂದು ಆಗಲೇ ಹುಡುಕಬೇಕು.

ಟಿಬಿ ಮಾತ್ರೆ ಸರ್ಕಾರ ಉಚಿತವಾಗಿ ಕೊಡುತ್ತದೆ, ಒಳ್ಳೆಯದು. ಆ ಮಾತ್ರೆ ಕೆಲಸ ಮಾಡುತ್ತಿದೆಯಾ ಎಂದು ಹೇಳುವ ಎರಡನೇ ಕೊಲನೋಸ್ಕೋಪಿಯೂ ಅದೇ ಕೋರ್ಸಿನ ಭಾಗವಾಗಬೇಕು. ದಾವಣಗೆರೆಯಲ್ಲಿ ಎರಡು ಮೆಡಿಕಲ್ ಕಾಲೇಜುಗಳಿವೆ. ಆದರೆ ಜಗಳೂರಿನಿಂದ ಬರುವ ಕೂಲಿ ಕಾರ್ಮಿಕನಿಗೆ ಆ ಪರೀಕ್ಷೆ ಅಂದರೆ ಖರ್ಚು, ಜೊತೆಗೆ ಎರಡು ದಿನದ ಕೂಲಿ. ನಾವು ಕೇಳಬೇಕಾದ ರಾಜಕೀಯ ಪ್ರಶ್ನೆ ಇದೇ.

ಅಲ್ಲಿಯವರೆಗೆ, ಹಾಲು ಚೆನ್ನಾಗಿ ಕುದಿಸಿ ಕುಡಿಯುವ ನಮ್ಮ ಅಭ್ಯಾಸ ಮುಂದುವರಿಯಲಿ. ಭೇದಿ ಅಂದ ಕೂಡಲೇ ಮೆಡಿಕಲ್ ಶಾಪಿನಿಂದ ಆಂಟಿಬಯಾಟಿಕ್ ತರುವ ಅಭ್ಯಾಸ ನಿಲ್ಲಲಿ. ಮಲದಲ್ಲಿ ರಕ್ತ ಕಂಡರೆ, ಭೇದಿ ನಾಲ್ಕು ವಾರ ದಾಟಿದರೆ, ಕಾರಣವಿಲ್ಲದೆ ತೂಕ ಇಳಿದರೆ ಡಾಕ್ಟರ ಹತ್ತಿರ ಹೋಗಿ. ಟಿಬಿ ಮಾತ್ರೆ ಬರೆದರೆ ನಡುವೆ ನಿಲ್ಲಿಸಬೇಡಿ. ಆದರೆ ಒಂದು ಮಾತು ಕೇಳಿ: "ಮತ್ತೆ ಒಳಗೆ ನೋಡುವುದು ಯಾವಾಗ, ಡಾಕ್ಟ್ರೇ?"