ಮಲೇರಿಯಾ ಗುಳಿಗೆಯೂ ಬಾರಾಪೇಡೆಯ ಬಾವಲಿಯೂ

ಖಾನಾಪುರದ ಕಡೆಯ ಓದುಗರೊಬ್ಬರು ಬರೆದಿರುವ ಪತ್ರದಲ್ಲಿ ಸಂದೇಹವೂ ತುಸು ಸಿಟ್ಟೂ ಬೆರೆತಿವೆ. ಅವರ ಸೊಸೆಗೆ ಬಂದಿರುವುದು ಲೂಪಸ್ ಎಂದು ಬೆಳಗಾವಿಯ ವೈದ್ಯರು ನಿರ್ಣಯಿಸಿ, ಹೈಡ್ರಾಕ್ಸಿಕ್ಲೋರೋಕ್ವಿನ್ ಎಂಬ ಔಷಧವನ್ನು ಬರೆದುಕೊಟ್ಟರಂತೆ, ಅಂಗಡಿಯವನು ಚೀಟಿ ನೋಡಿ, "ಇದು ಮಲೇರಿಯಾ ಗುಳಿಗಿ ಅಲ್ಲೇನ್ರೀ?" ಎಂದನಂತೆ. ನಿರೋಧಶಕ್ತಿ ಕುಂದಿದ ಹುಡುಗಿಗೆ ಶಕ್ತಿವರ್ಧಕವನ್ನು ಕೊಡುವುದು ಬಿಟ್ಟು ಚಳಿಜ್ವರದ ಮದ್ದೇಕೆ ಎಂಬುದು ಅವರ ಪ್ರಶ್ನೆ.

ಪ್ರಶ್ನೆಯ ಪೂರ್ವಾರ್ಧದಲ್ಲಿಯೇ ದೋಷವಿದೆ. ಲೂಪಸ್ಸಿನಲ್ಲಿ ನಿರೋಧಶಕ್ತಿ ತನ್ನ ದೇಹದ ಮೇಲೆಯೇ ತಿರುಗಿಬಿದ್ದಿರುತ್ತದೆ. ನಮ್ಮ ಜೀವಕೋಶಗಳ ಕೇಂದ್ರದಲ್ಲಿ ಅಡಗಿರುವ ಡಿ.ಎನ್.ಎ.ಯೂ ಎಷ್ಟೋ ವೈರಸ್ಸುಗಳು ಹೊತ್ತು ತರುವ ಡಿ.ಎನ್.ಎ.ಯೂ ರಸಾಯನ ದೃಷ್ಟಿಯಿಂದ ಒಂದೇ ದ್ರವ್ಯವಾದುದರಿಂದ, ನಿರೋಧವ್ಯವಸ್ಥೆಯು ಅವನ್ನು ಬಹುಮಟ್ಟಿಗೆ ಸ್ಥಳ ನೋಡಿಯೇ ಗುರುತಿಸಬೇಕಾಗಿದೆ: ತಿಜೋರಿಯಲ್ಲಿರಬೇಕಾದ ಕಾಗದಪತ್ರ ಅಂಗಳದಲ್ಲಿ ಬಿದ್ದಿದ್ದರೆ ಕಾವಲುಗಾರನು ಕಳ್ಳ ಹೊಕ್ಕನೆಂದೇ ಕೂಗುವನಷ್ಟೆ. ಸತ್ತ ಕೋಶಗಳ ಅವಶೇಷವನ್ನು ದೇಹವು ಒಡನೆಯೇ ವಿಲೇವಾರಿ ಮಾಡುವುದು ವಾಡಿಕೆ. ಲೂಪಸ್ಸಿನಲ್ಲಿ ಆ ಕೆಲಸ ಹಿಂದೆ ಬೀಳುತ್ತದೆ. ಬಿಸಿಲಿನ ನೇರಳಾತೀತ ಕಿರಣಗಳಿಂದ ಚರ್ಮದ ಕೋಶಗಳು ಸತ್ತಾಗ ಕೇಂದ್ರದ ದ್ರವ್ಯ ಇನ್ನಷ್ಟು ಹೊರಚೆಲ್ಲುತ್ತದೆ. ಅದಕ್ಕೆ ಪ್ರತಿಕಾಯಗಳು ಅಂಟಿಕೊಳ್ಳುತ್ತವೆ. ಈ ಜೋಡಣೆಗಳು ಮೂತ್ರಪಿಂಡದ ಸೂಕ್ಷ್ಮ ಜಾಲರಿಗಳಲ್ಲಿ ಸಿಕ್ಕಿಕೊಂಡು, ರಕ್ತದಲ್ಲಿರುವ ಪೂರಕ ಪ್ರೋಟೀನುಗಳನ್ನು ಕೆರಳಿಸಿ, ಅಲ್ಲಿ ಉರಿಯೂತವನ್ನು ಹುಟ್ಟಿಸುತ್ತವೆ.

ಇನ್ನು ಗುಳಿಗೆಯ ವಿಷಯ. ಕೆಲವು ವಿಶಿಷ್ಟ ಬಿಳಿಯ ಕಣಗಳು ಆ ಜೋಡಣೆಗಳನ್ನು ನುಂಗಿ ತಮ್ಮೊಳಗಿನ ಆಮ್ಲೀಯ ಸಂಚಿಗಳಿಗೆ ಸಾಗಿಸುತ್ತವೆ, ಅಲ್ಲಿ ಟಿ.ಎಲ್.ಆರ್. 7, ಟಿ.ಎಲ್.ಆರ್. 9 ಎಂಬ ಗ್ರಾಹಕಗಳು ನ್ಯೂಕ್ಲಿಯಿಕ್ ಆಮ್ಲವನ್ನು ಮುಟ್ಟಿದೊಡನೆ, ವೈರಸ್ ಬಂದಾಗ ಹೊರಡಬೇಕಾದ ಇಂಟರ್‌ಫೆರಾನು ಧಾರಾಳವಾಗಿ ಹೊರಡುತ್ತದೆ. ಅದರ ಪ್ರಚೋದನೆಯಿಂದ ಮತ್ತಷ್ಟು ಪ್ರತಿಕಾಯ, ಪ್ರತಿಕಾಯದಿಂದ ಮತ್ತಷ್ಟು ಇಂಟರ್‌ಫೆರಾನು. ಚಕ್ರ ತಾನೇ ತಿರುಗತೊಡಗುತ್ತದೆ. ಹೈಡ್ರಾಕ್ಸಿಕ್ಲೋರೋಕ್ವಿನ್ ಆ ಸಂಚಿಗಳಲ್ಲಿಯೇ ಶೇಖರಗೊಂಡು, ಅಲ್ಲಿಯ ಆಮ್ಲತೆಯನ್ನು ತಗ್ಗಿಸಿ, ಗ್ರಾಹಕಗಳ ಎಚ್ಚರವನ್ನು ಮಂದಗೊಳಿಸುತ್ತದೆ. ಸ್ವಾರಸ್ಯವೆಂದರೆ, ಮೆಪಾಕ್ರಿನ್ ಎಂಬ ಮತ್ತೊಂದು ಮಲೇರಿಯಾ ಮದ್ದು ಲೂಪಸ್ಸಿಗೆ ಒಗ್ಗುವುದೆಂದು ಪೇಜ್ ಎಂಬ ವೈದ್ಯನು 1951ರಲ್ಲಿ ಪ್ರಕಟಿಸಿದಾಗ ಈ ಗ್ರಾಹಕಗಳ ಸುಳಿವೇ ಯಾರಿಗೂ ಇರಲಿಲ್ಲ! ರೋಗಿಗಳಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಸ್ತ್ರೀಯರಾಗಿರುವುದಕ್ಕೂ ಇಲ್ಲೊಂದು ಎಳೆ ದೊರೆಯುತ್ತದೆ: ಟಿ.ಎಲ್.ಆರ್. 7ರ ಜೀನು ಇರುವುದು ಎಕ್ಸ್ ವರ್ಣತಂತುವಿನ ಮೇಲೆ, ಮತ್ತು ಸ್ತ್ರೀಯರಲ್ಲಿ ಆ ವರ್ಣತಂತು ಎರಡಿವೆ.

ಆದುದರಿಂದ ಮುಖದ ಮೇಲೆ ಕೆಂಪು ಮಚ್ಚೆ ಕಂಡೊಡನೆ ನಾಗದೋಷವೆಂದು ಪೂಜೆಗೆ ಹಣ ಸುರಿಯುವುದು ಎಷ್ಟು ವ್ಯರ್ಥವೋ, "ಇಮ್ಯೂನಿಟಿ ಬರಲಿ" ಎಂದು ದಿನವೂ ಕಷಾಯ ಕುಡಿಸುವುದು ಅಷ್ಟೇ ಅವಿವೇಕ. ಎರಡನೆಯದೇ ಹೆಚ್ಚು ಅಪಾಯಕರವೆಂದು ನನ್ನ ಅಭಿಪ್ರಾಯ, ಏಕೆಂದರೆ ಅದು ವಿಜ್ಞಾನದ ವೇಷದಲ್ಲಿ ಬರುತ್ತದೆ.

ಪತ್ರ ಬಂದದ್ದು ಖಾನಾಪುರದ ಕಡೆಯಿಂದಾದುದರಿಂದ ಅಲ್ಲಿಯದೇ ಒಂದು ಪ್ರಾಣಿಯ ಮಾತನ್ನು ಎತ್ತದೆ ಇರಲಾರೆ. ಆ ತಾಲೂಕಿನ ಭೀಮಗಡದ ಕಾಡಿನಲ್ಲಿ, ತಳೇವಾಡಿಯ ಸಮೀಪದ ಬಾರಾಪೇಡೆ ಗುಹೆಯಲ್ಲಿ, ದೊಡ್ಡ ಕಿವಿಗಳ ರಾಟನ್ ಬಾವಲಿ ವಾಸವಾಗಿದೆ; 1913ರಲ್ಲಿ ಓಲ್ಡ್‌ಫೀಲ್ಡ್ ಥಾಮಸನು ಅದಕ್ಕೆ ಹೆಸರಿಟ್ಟಂದಿನಿಂದ ಬಹುಕಾಲ ಲೋಕಕ್ಕೆ ಅದರ ನೆಲೆ ಅದೊಂದೇ ಎಂದು ತಿಳಿದಿತ್ತು. ಬಾವಲಿ ಮನೆ ಹೊಕ್ಕರೆ ಅಪಶಕುನವೆಂದು ಹಿಡಿಗುಡಲು ಎತ್ತುವವರು ಈ ಕುಲದ ಹಿರಿಮೆಯನ್ನು ಅರಿಯರು. ವೈರಸ್ಸುಗಳನ್ನು ಒಡಲಲ್ಲಿ ಹೊತ್ತೂ ಬಾವಲಿಗಳು ಬಹುಪಾಲು ಆರೋಗ್ಯವಾಗಿಯೇ ಹಾರಾಡುತ್ತವೆ. ಹಾರಾಟದ ಪರಿಶ್ರಮದಿಂದ ಅವುಗಳ ಕೋಶಗಳಲ್ಲಿ ಡಿ.ಎನ್.ಎ. ಮುರಿದು ಚದುರುವುದು ಸಹಜವೆಂದೂ, ಅದಕ್ಕೆಲ್ಲ ಬೆದರಿದರೆ ಹಾರುವ ಪ್ರಾಣಿ ಬಾಳದೆಂದೂ ವಿಜ್ಞಾನಿಗಳ ಊಹೆ. ಕೋಶದ್ರವದಲ್ಲಿ ಡಿ.ಎನ್.ಎ. ಸುಳಿದಾಗ ಇಂಟರ್‌ಫೆರಾನನ್ನು ಎಬ್ಬಿಸುವ ಸ್ಟಿಂಗ್ ಎಂಬ ಪ್ರೋಟೀನಿನಲ್ಲಿ, ಇತರ ಸಸ್ತನಿಗಳಿಗೆ 358ನೆಯ ಸ್ಥಾನದಲ್ಲಿ ಸೆರೀನ್ ಇದ್ದರೆ, ಪರೀಕ್ಷಿಸಿದ ಬಾವಲಿಗಳಲ್ಲೆಲ್ಲ ಅದರ ಬದಲು ಬೇರೆ ಅಮೈನೊ ಆಮ್ಲವಿರುವುದು 2018ರಲ್ಲಿ ಪ್ರಕಟವಾಯಿತು. ಸೆರೀನನ್ನು ಮರಳಿ ಕೂರಿಸಿದಾಗ ಇಂಟರ್‌ಫೆರಾನು ಏರಿತು. ಒಂದೇ ಅಕ್ಷರದ ತಿದ್ದುಪಡಿಯಷ್ಟು ಅಲ್ಪವಾದ ಬದಲಾವಣೆಯಿಂದ ನಿರೋಧವ್ಯವಸ್ಥೆ ಸತ್ತುಹೋಗದೆ ಕೇವಲ ಸೌಮ್ಯವಾಯಿತು! ಲೂಪಸ್ಸಿನ ಕೆಲವು ರೋಗಿಗಳಲ್ಲಿ ಇದೇ ಮಾರ್ಗ ಅತಿಯಾಗಿ ಚುರುಕಾಗಿರುವುದು ಕಂಡುಬಂದಿರುವುದರಿಂದ, ಸ್ಟಿಂಗನ್ನು ತಗ್ಗಿಸುವ ಮದ್ದುಗಳ ಶೋಧನೆಯೂ ನಡೆದಿದೆ.

ಪತ್ರ ಬರೆದ ಮಹನೀಯರು ಸದ್ಯಕ್ಕೆ ಗುಳಿಗೆಯನ್ನು ನಿಲ್ಲಿಸದಿರಲಿ. ವರ್ಷಗಟ್ಟಲೆ ಸೇವಿಸಿದಾಗ ಅದು ಕಣ್ಣಿನ ಅಕ್ಷಿಪಟಲಕ್ಕೆ ಹಾನಿ ಮಾಡಬಹುದಾದುದರಿಂದ, ಔಷಧದ ಪ್ರಮಾಣವನ್ನು ದೇಹದ ತೂಕಕ್ಕೆ ಅನುಗುಣವಾಗಿ, ಸಾಮಾನ್ಯವಾಗಿ ಕಿಲೋಗೆ ದಿನಕ್ಕೆ 5 ಮಿಲಿಗ್ರಾಂ ಮೀರದಂತೆ, ವೈದ್ಯರು ಗೊತ್ತುಮಾಡುತ್ತಾರೆ; ಸೊಸೆಯನ್ನು ಬೆಳಗಾವಿಗೆ ತೋರಿಸಲು ಕರೆದೊಯ್ದಾಗ ಕಣ್ಣಿನ ಪರೀಕ್ಷೆ ಯಾವಾಗ ಮಾಡಿಸಬೇಕೆಂದು ಕೇಳಿಕೊಂಡು ಬರಲಿ.