ಸೂಜಿಗೆ ಸಿಗದ್ದು ರಕ್ತದಲ್ಲಿತ್ತು

2012ರಲ್ಲಿ ಲಂಡನ್ನಿನ ಚಾರ್ಲ್ಸ್ ಸ್ವಾಂಟನ್ ಮತ್ತು ಸಂಗಡಿಗರು ಮೂತ್ರಪಿಂಡದ ಕ್ಯಾನ್ಸರ್ ಗಡ್ಡೆಗಳಿಂದ ಹಲವು ಕಡೆ ಚೂರು ತೆಗೆದು, ಪ್ರತಿಯೊಂದರ ಡಿಎನ್‌ಎಯನ್ನೂ ಬೇರೆಬೇರೆಯಾಗಿ ಓದಿದರು. ಗಡ್ಡೆ ಒಂದೇ ಆದರೂ ಚೂರುಗಳ ಬರಹ ಒಂದೇ ಆಗಿರಲಿಲ್ಲ. ಸಿಕ್ಕ ರೂಪಾಂತರಗಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಕೆಲವು ಚೂರುಗಳಲ್ಲಷ್ಟೇ ಇದ್ದವು. ಸೂಜಿ ಹಾಕಿ ತೆಗೆದ ಒಂದೇ ಚೂರನ್ನು ನಂಬಿ ಔಷಧಿ ಆರಿಸುವ ಪದ್ಧತಿಗೆ ಇದು ದೊಡ್ಡ ಪೆಟ್ಟು. ಹಾಗೆಂದು ಮೊದಲೇ ಸೊರಗಿದ ರೋಗಿಯನ್ನು ಹತ್ತು ಕಡೆ ಚುಚ್ಚಲಾದೀತೆ? ಅದೂ ಮತ್ತೆ ಮತ್ತೆ?

ಉತ್ತರ ರಕ್ತದಲ್ಲಿತ್ತು. 1948ರಲ್ಲೇ ಫ್ರಾನ್ಸಿನ ಮ್ಯಾಂಡೆಲ್ ಮತ್ತು ಮೆಟೆ, ಯಾವ ಜೀವಕೋಶದೊಳಗೂ ಇರದೆ ರಕ್ತದ ದ್ರವಭಾಗವಾದ ಪ್ಲಾಸ್ಮಾದಲ್ಲಿ ತೇಲುವ, ಡಿಎನ್‌ಎಯಂಥ ನ್ಯೂಕ್ಲಿಯಿಕ್ ಆಮ್ಲವನ್ನು ಗುರುತಿಸಿದ್ದರು. ಡಿಎನ್‌ಎಯ ಜೋಡಿಸುರುಳಿ ರಚನೆ ತಿಳಿಯಲು ಆಗಿನ್ನೂ ಐದು ವರ್ಷವಿತ್ತು. ಕ್ಯಾನ್ಸರ್ ರೋಗಿಗಳಲ್ಲಿ ಈ ತೇಲುವ ಡಿಎನ್‌ಎ ಹೆಚ್ಚಿರುತ್ತದೆಂದು 1977ರಲ್ಲಿ ಗೊತ್ತಾಯಿತು. 1994ರಲ್ಲಿ ಮೇದೋಜ್ಜೀರಕ ಗ್ರಂಥಿಯ ಕ್ಯಾನ್ಸರ್ ಇದ್ದವರ ಪ್ಲಾಸ್ಮಾದಲ್ಲಿ ಗಡ್ಡೆಯಲ್ಲಿ ಕಾಣುವ ಕೆ-ರಾಸ್ ಜೀನಿನ ರೂಪಾಂತರವೇ ಸಿಕ್ಕಿತು.

ಸಾಯುವ ಜೀವಕೋಶಗಳ ಡಿಎನ್‌ಎ, ಹೆಚ್ಚಾಗಿ ಸುಮಾರು 167 ಅಕ್ಷರಗಳ ತುಂಡುಗಳಾಗಿ ರಕ್ತ ಸೇರುತ್ತದೆ. ಗಡ್ಡೆಯ ಬೇರೆಬೇರೆ ಭಾಗಗಳಿಂದ ಮಾತ್ರವಲ್ಲ, ಇತರ ಅಂಗಗಳಿಗೆ ಹರಡಿದ ಗಂಟುಗಳಿಂದಲೂ ಬರುತ್ತದೆ. ಎರಡು ತಾಸಿನ ಆಸುಪಾಸಿನಲ್ಲಿ ಅದರ ಅರ್ಧ ಭಾಗ ಅಳಿದುಹೋಗುವುದರಿಂದ, ಇಂದು ತೆಗೆದ ರಕ್ತ ಇಂದಿನ ಸುದ್ದಿಯನ್ನೇ ಹೇಳುತ್ತದೆ.

ಇದರ ಬಲ ಎದ್ದು ಕಂಡದ್ದು ಇಟಲಿಯ ಟುರಿನ್‌ನಲ್ಲಿ. ಆಲ್ಬರ್ಟೊ ಬರ್ಡೆಲ್ಲಿಯವರ ತಂಡ ದೊಡ್ಡ ಕರುಳಿನ ಕ್ಯಾನ್ಸರ್ ರೋಗಿಗಳ ರಕ್ತವನ್ನು ಚಿಕಿತ್ಸೆಯುದ್ದಕ್ಕೂ ಪರೀಕ್ಷಿಸುತ್ತ ಬಂದು, 2015ರಲ್ಲಿ ಫಲಿತಾಂಶ ಪ್ರಕಟಿಸಿತು. ಗಡ್ಡೆ ಬೆಳೆಯಲು ನೆರವಾಗುವ ಇಜಿಎಫ್‌ಆರ್ ಎಂಬ ಪ್ರೋಟೀನನ್ನು ತಡೆಯುವ ಔಷಧಿ ಕೊಡುವಾಗ, ಅದಕ್ಕೆ ಬಗ್ಗದ ಕೆ-ರಾಸ್ ರೂಪಾಂತರದ ಜೀವಕೋಶಗಳ ಪಾಲು ಏರಿತು. ಔಷಧಿ ನಿಲ್ಲಿಸಿದಾಗ ಇಳಿಯಿತು. ಕೈಬಿಟ್ಟ ಔಷಧಿಯನ್ನು ಕೆಲಕಾಲದ ನಂತರ ಮತ್ತೆ ಪ್ರಯೋಗಿಸಬಹುದೆಂಬ ಆಸೆಗೆ ಆಧಾರ ದೊರೆಯಿತು. ದಾರಿ ಮುಗಿಯಿತೆಂದು ಕೇಳಿಸಿಕೊಂಡ ಕುಟುಂಬಕ್ಕೆ ಇದು ಸಣ್ಣ ಮಾತಲ್ಲ.

2016ರ ಜೂನ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇಂಥ ಮೊದಲ ರಕ್ತ ಪರೀಕ್ಷೆಗೆ, ಶ್ವಾಸಕೋಶದ ಕ್ಯಾನ್ಸರಿಗಾಗಿ, ಒಪ್ಪಿಗೆ ಕೊಟ್ಟಿತು. ರಕ್ತದಲ್ಲಿ ರೂಪಾಂತರ ಸಿಗದಿದ್ದರೆ ಗಡ್ಡೆಯ ಚೂರನ್ನೂ ಪರೀಕ್ಷಿಸಬೇಕೆಂಬ ಸೂಚನೆ ಜೊತೆಗಿತ್ತು.

ಎಲ್ಲಕ್ಕೂ ರಕ್ತವೇ ಸಾಲದು. ಮಿದುಳಿನ ಗಡ್ಡೆಗಳ ಡಿಎನ್‌ಎ ರಕ್ತಕ್ಕೆ ದಾಟುವುದು ತೀರ ಕಡಿಮೆ. ಅದಕ್ಕೆ ಬೆನ್ನಿನ ನೀರು ತೆಗೆಯುತ್ತಾರೆ. ಮೂತ್ರಕೋಶದ ಕ್ಯಾನ್ಸರಿನ ಸುಳಿವು ಮೂತ್ರದಲ್ಲೇ ಸಿಗುತ್ತದೆ. ಇನ್ನೊಂದು ತೊಡಕು ವಯಸ್ಸಿನದು. ವಯಸ್ಸಾದವರ ರಕ್ತಕಣಗಳಲ್ಲಿ ತಾವಾಗಿಯೇ ಮೂಡುವ ರೂಪಾಂತರಗಳು ಗಡ್ಡೆಯವೆಂಬ ಭ್ರಮೆ ಹುಟ್ಟಿಸುತ್ತವೆ. ಎಚ್ಚರದ ಪ್ರಯೋಗಾಲಯಗಳು ಅದೇ ರೋಗಿಯ ಬಿಳಿ ರಕ್ತಕಣಗಳ ಡಿಎನ್‌ಎಯನ್ನೂ ಓದಿ, ಎರಡರಲ್ಲೂ ಕಂಡ ರೂಪಾಂತರಗಳನ್ನು ಲೆಕ್ಕದಿಂದ ಬಿಡುತ್ತವೆ.